ದುರ್ಗಕ್ಕನ ಹಿಮಾಲಯದಲ್ಲಿ ಬೆಳ್ಳಕ್ಕಿ

ಕಾಗಾಲದ ದುರ್ಗಿ ಗೌಡ ಇಪ್ಪತ್ತೆಂಟು ವರ್ಷದಿಂದ ಹಿಮಾಲಯವನ್ನೇ ಬರೆಯುತ್ತಿದ್ದಾಳೆ. ಕುಮಟೆಯ ಕಲ್ಯಾಣ ಮಂಟಪವಿರಲಿ, ಹೊನ್ನಾವರದ ಖಾನಾವಳಿಯಿರಲಿ, ಚೌತಿ ಗಣಪತಿಯ ಹಿಂದಿನ ಪರದೆಯಿರಲಿ, ಅಲ್ಲಿ ಅವಳ ಹಿಮದ ಬೆಟ್ಟ ನಿಂತಿರಬೇಕು. ಯಾರಾದರೂ "ಒಂದು ಸಮುದ್ರ ಬರೆದುಕೊಡು ಮಾರಾಯ್ತಿ" ಅಂದರೆ, "ಹೊರಗೆ ಹೋಗಿ ನೋಡು, ಪುಕ್ಕಟೆ ಇದ್ಯಲ್ಲ" ಅಂದುಬಿಡುವಳು.

ಕೈಗೆ ಮೊದಲು ಬಂದದ್ದು ಅಮ್ಮ ಕಲಿಸಿದ ಚಿತ್ತಾರ, ಕೆಮ್ಮಣ್ಣಿನ ಗೋಡೆಯ ಮೇಲೆ ಬಿಳಿ ಗೆರೆ. ಮದುವೆಯಾದ ಹೊಸತರಲ್ಲಿ ಕುಮಟೆಯ ಬಟ್ಟೆ ಅಂಗಡಿಯ ಕ್ಯಾಲೆಂಡರಿನಲ್ಲಿ ಒಂದು ಹಿಮದ ಬೆಟ್ಟ ಕಂಡಿತು ನೋಡಿ, ಅಲ್ಲಿಗೆ ಮುಗಿಯಿತು. ಸೀರೆ ನೋಡುವುದು ಬಿಟ್ಟು ಅದನ್ನೇ ನೋಡುತ್ತ ನಿಂತಳು. ವರ್ಷ ಮುಗಿಯುವ ತನಕ ಕಾದು ಆ ಹಾಳೆಯನ್ನು ಬೇಡಿ ತಂದಳು. ಇವತ್ತಿಗೂ ಅವಳು ಗೋಡೆಗೆ ಮೊದಲು ಕೆಂಪು ಬಳಿದು, ಅದರ ಮೇಲೆ ತೆಳ್ಳಗೆ ಬಿಳಿ ಎಳೆಯುತ್ತಾಳೆ. ಒಳಗಿನ ಕೆಂಪು ಸಣ್ಣಗೆ ಇಣುಕಿ, ಬೆಟ್ಟಕ್ಕೆ ಆಗಷ್ಟೇ ಬಿಸಿಲು ತಾಗಿದ ಹಾಗೆ ಕಾಣುತ್ತದೆ. ಬೇರೆ ಪೇಂಟರುಗಳಿಗೆ ಇದು ಸಾಧ್ಯವಾಗಿಲ್ಲ.

ಎಲ್ಲ ಸರಿ, ಆದರೆ ಒಂದು ಸುಳ್ಳು ಅವಳಿಗೆ ಗಂಟುಬಿದ್ದಿತ್ತು. ಮೊದಲ ಕೆಲಸ ಕೊಟ್ಟ ಖಾನಾವಳಿ ಧಣಿ, "ನೋಡಿ ಬಂದಿದ್ದೀಯೇನೇ?" ಎಂದು ಕೇಳಿದ್ದ. ಗಂಡ ಬೊಮ್ಮನ ಜೊತೆ ಬೆಳಗಾವಿಯಲ್ಲಿ ನಾಲ್ಕು ತಿಂಗಳು ಗಾರೆ ಕೆಲಸ ಮಾಡಿ ಬಂದಿದ್ದಳಷ್ಟೆ. ಕೆಲಸ ಕೈತಪ್ಪೀತೆಂದು ಹೆದರಿ "ಹೂಂ, ಬೆಳಗಾವಿಯಿಂದ ಹಾಗೇ ಹೋಗಿದ್ದೆ" ಅಂದುಬಿಟ್ಟಳು. ಬೆಳಗಾವಿಯಿಂದ ಹಾಗೇ ಹಿಮಾಲಯಕ್ಕೆ! ಕೇಳಿದವನೂ ನಂಬಿದ, ಊರೂ ನಂಬಿತು. ಬೊಮ್ಮ ಅಂದಿನಿಂದ ಆ ಮಾತು ಬಂದಾಗಲೆಲ್ಲ ಬಾಯಿಗೆ ಎಲೆಯಡಿಕೆಯ ಕವಳ ತುಂಬಿಕೊಳ್ಳುತ್ತಿದ್ದ.

ಕಳೆದ ಚಳಿಗಾಲದಲ್ಲಿ ಶಿರಾಲಿಯ ರಾಜೇಶ ನಾಯ್ಕ ಹುಡುಕಿಕೊಂಡು ಬಂದ. ಮಿಲಿಟರಿಯಿಂದ ನಿವೃತ್ತನಾದವ, ಒಂಬತ್ತು ವರ್ಷ ಲಡಾಖದ ಕಡೆ ಇದ್ದವ. ಹೊಸ ಮನೆಯ ಜಗಲಿ ಗೋಡೆಗೆ ಬೆಟ್ಟ ಬರೆಯಬೇಕಂತೆ. ಸುಳ್ಳು ಬಯಲಾದೀತೆಂದು ದುರ್ಗಿ ಸೊಂಟನೋವು, ಆಗೂದಿಲ್ಲ ಅಂದಳು.

"ಹಾಗನ್ನಬೇಡಿ ಅಕ್ಕಾ. ಅಲ್ಲಿಯ ಕತೆ ತೆಗೆದರೆ ಇಲ್ಲಿ ಎಲ್ಲರೂ ಆಕಳಿಸ್ತಾರೆ. ನೋಡಿದವರು ನೀವೊಬ್ಬರೇ ಇರೂದು" ಅಂದ. ಅಷ್ಟು ಆಸೆಯಿಂದ ಕೇಳಿದವನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಮೊದಲ ದಿನವೇ ಅವನು ಚಾ ಕೊಡುತ್ತ ಕೇಳಿದ, "ರಾತ್ರಿ ಹಿಮ ಬಿದ್ದರೆ ನಿಮಗೆ ಅಲ್ಲಿ ನಿದ್ದೆ ಬರ್ತಿತ್ತಾ?"

ಆಷಾಢದ ಮಳೆ ಹಂಚಿನ ಮಾಡಿನ ಮೇಲೆ ಹೊಡೆಯುವುದೊಂದೇ ಅವಳಿಗೆ ಗೊತ್ತು. "ಎಂತ ನಿದ್ದೆ ತಮ್ಮಾ, ಮಾಡಿನ ಮೇಲೆ ಆ ನಮೂನೆ ಸದ್ದು!" ಅಂದಳು. ರಾಜೇಶ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದ. ಆಮೇಲೆ ಅವನು ಆ ಕಡೆಯ ಮಾತೇ ಎತ್ತಲಿಲ್ಲ. ಪ್ರತಿದಿನ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತ ಕೂರುವನು. ಅವಳಿಗೆ ಮುಳ್ಳಿನ ಮೇಲೆ ನಿಂತಂತಾಗುತ್ತಿತ್ತು.

ಏಳನೆಯ ದಿನ ಕೆಲಸ ಮುಗಿಯಿತು. ಕೊನೆಗೆ ಕೈ ತನ್ನಷ್ಟಕ್ಕೆ ಯಾವಾಗಿನ ಹಾಗೆ ಬೆಟ್ಟದ ಬುಡದಲ್ಲಿ ನಾಲ್ಕು ಬೆಳ್ಳಕ್ಕಿ ನಿಲ್ಲಿಸಿತು. ಕಾಗಾಲದ ಗದ್ದೆಯಲ್ಲಿ ದಿನಾ ಕಾಣುವ ಹಕ್ಕಿ. ಅವಿಲ್ಲದೆ ಅವಳಿಗೆ ಚಿತ್ರ ಪೂರ್ತಿ ಅನ್ನಿಸುವುದೇ ಇಲ್ಲ.

ರಾಜೇಶ ಎದ್ದು ಹತ್ತಿರ ಬಂದ. "ಅಕ್ಕಾ, ಇದೆಂತ?"

ದುರ್ಗಿಗೆ ಸಾಕಾಗಿ ಹೋಗಿತ್ತು. ಬ್ರಷ್ ಕೆಳಗಿಟ್ಟಳು. "ತಮ್ಮಾ, ನಾ ಅಲ್ಲಿಗೆ ಹೋಗಲೇ ಇಲ್ಲ. ಬೆಳಗಾವಿ ದಾಟಿದವಳಲ್ಲ. ಇಡೀ ಗೋಡೆಗೆ ಬಿಳಿ ಬಳಿದು ಹೋಗ್ತೆ, ಊರಿಗೆ ಮಾತ್ರ ಹೇಳಬೇಡ." ಹೇಳುತ್ತಲೇ ಅತ್ತಳು. ಏಣಿ ಹಿಡಿಯಲು ಜೊತೆಗೆ ಬಂದಿದ್ದ ಬೊಮ್ಮ ಕವಳ ನುಂಗಿಬಿಟ್ಟ.

"ಗೊತ್ತಿತ್ತು ಅಕ್ಕಾ," ರಾಜೇಶ ಅಂದ. "ಹಿಮ ಬೀಳೂದಕ್ಕೆ ಸದ್ದೇ ಇಲ್ಲ."

"ಎಂತ! ಸದ್ದಿಲ್ವಾ?"

"ಒಂದು ಚೂರೂ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗಲೇ ಗೊತ್ತಾಗೂದು."

"ಮತ್ತೆ ಮೊದಲ ದಿನವೇ ಯಾಕೆ ಓಡಿಸಲಿಲ್ಲ?"

"ಸಿಟ್ಟು ಬಂದಿತ್ತು. ಓಡಿಸಬೇಕು ಅಂತಲೇ ಮರುದಿನ ಬೆಳಿಗ್ಗೆ ಜಗಲಿಗೆ ಬಂದೆ. ಆಗ ಗೋಡೆ ನೋಡಿದೆ. ಒಂಬತ್ತು ವರ್ಷ ಆ ಬೆಟ್ಟಕ್ಕೆ ಹೆದರಿಯೇ ಕಳೆದೆ ಅಕ್ಕಾ. ಅದು ಚೆಂದವೂ ಇತ್ತು ಅಂತ ನಿಮ್ಮ ಗೋಡೆ ನೋಡಿದ ಮೇಲೆ ನೆನಪಾಯ್ತು." ಅವನು ಬೆಳ್ಳಕ್ಕಿಗಳ ಕಡೆ ಬೆರಳು ತೋರಿಸಿದ. "ಇವು ಇರಲಿ. ಅಲ್ಲಿ ಪಹರೆ ನಿಂತಾಗ ನಮ್ಮೂರಿನದು ಒಂದಾದರೂ ಕಾಣಲಿ ಅಂತ ಎಷ್ಟು ಹಂಬಲಿಸಿದ್ದೆ."

ಅಬ್ಬಾ! ಇಪ್ಪತ್ತೆಂಟು ವರ್ಷದ ಹೊರೆ ಇಳಿಯಿತು. ಬೊಮ್ಮನಿಗಂತೂ ಬಾಯಿ ಬಂತು. "ಬೆಳಗಾವಿ ಚಳಿಗೇ ಮೂರು ಕಂಬಳಿ ಹೊದ್ದು ಮಲಗಿದವಳು ಇವಳು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ದುರ್ಗಿ ಅವನಿಗೊಂದು ಗುದ್ದು ಕೊಟ್ಟು, ತಾನೂ ನಕ್ಕು, ಕಣ್ಣು ಒರೆಸಿಕೊಂಡಳು. ಹೊರಡುವ ಬಸ್ಸಿನ ಹೊತ್ತಾಗಿತ್ತು, ಆದರೂ ಅವಳು ರಾಜೇಶನ ಕುರ್ಚಿಯ ಹತ್ತಿರವೇ ಚಕ್ಕಳಮಕ್ಕಳ ಹಾಕಿ ಕೂತಳು.

"ತಮ್ಮಾ, ಹಿಮಕ್ಕೆ ವಾಸನೆ ಇದ್ಯಾ? ಹೆಜ್ಜೆ ಇಟ್ಟರೆ ಕಾಲು ಎಷ್ಟು ಹುಗೀತದೆ? ಬೆಳದಿಂಗಳಲ್ಲಿ ಯಾವ ಬಣ್ಣ?"

ಹೋಗಿ ಬಂದವಳು ಅನ್ನಿಸಿಕೊಂಡ ಮೇಲೆ ಇದನ್ನೆಲ್ಲ ಅವಳು ಯಾರನ್ನೂ ಕೇಳುವ ಹಾಗಿರಲಿಲ್ಲ.