ಎರಡು ಸಲ ಮಾರಿದ ರಿಯಾಯಿತಿ

ಷಡ್ಡಕನಿಗೆ ಕಾರು ಮಾರಬೇಡಿ. ಹೆಂಡತಿಯ ತಂಗಿಯ ಗಂಡನಿಗೆ ಸೈಟು ಮಾರಿ, ಎಮ್ಮೆ ಮಾರಿ, ಬೇಕಾದರೆ ಮೈಮೇಲಿನ ಅಂಗಿ ಬಿಚ್ಚಿ ಮಾರಿ. ಕಾರು ಮಾತ್ರ ಬೇಡ. ಇಷ್ಟು ಹೇಳಿ ನಿಲ್ಲಿಸಿದರೂ ನಡೆಯುತ್ತಿತ್ತು. ಆದರೆ ಕಾರಣ ಹೇಳದ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನೂ ಹಾಕಿಕೊಂಡವನಲ್ಲ.

ನಾನು ಬೆಳಗಾವಿ ಕಡೆಯವನು. ಪುಣೆಗೆ ಬಂದ ಹೊಸದರಲ್ಲಿ ಬೋಹ್ರಿ ಆಳಿ ಎಂಬ ಪೇಟೆಬೀದಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಟ್ಟು, ಬೋಲ್ಟು, ಮೊಳೆ ತೂಗುತ್ತಿದ್ದೆ. ಈಗ ಸಿಂಹಗಡ ರಸ್ತೆಯಲ್ಲಿ ನನ್ನದೇ ಅಂಗಡಿ ಇದೆ. ಈ ನಡುವಿನ ವರ್ಷಗಳಲ್ಲಿ ಯಾರೂ ನನಗೆ ಏನನ್ನೂ ಪುಕ್ಕಟೆ ಕೊಟ್ಟಿಲ್ಲ. ನಾನೂ ಯಾರಿಗೂ ಅವರು ಹೇಳಿದ ದರ ಕೊಟ್ಟಿಲ್ಲ.

ಹಳೆಯ ಕಾರನ್ನು ಯಾವಾಗ ಬಿಡಬೇಕು ಎಂದು ಅಂಗಡಿಗೆ ಬಂದವರು ಕೇಳುತ್ತಾರೆ. ಕಿಲೋಮೀಟರು ನೋಡಬೇಡಿ, ಗ್ಯಾರೇಜಿನವನ ಮುಖ ನೋಡಿ ಎನ್ನುತ್ತೇನೆ. ನಿಮ್ಮ ಗಾಡಿ ಗೇಟಿನೊಳಗೆ ಬಂದ ಕೂಡಲೇ ಆತ ನಿಮಗೆ ಚಹಾ ತರಿಸಿದರೆ ಆ ಗಾಡಿಯ ಕಾಲ ಮುಗಿಯಿತು. ನನ್ನದಕ್ಕೆ ಹನ್ನೊಂದು ವರ್ಷವಾದಾಗ ಒಂದೇ ವರ್ಷದಲ್ಲಿ ಕ್ಲಚ್ಚು ಹೋಯಿತು, ಬ್ಯಾಟರಿ ಹೋಯಿತು, ಟೈರುಗಳು ಬೋಳಾದವು. ಗ್ಯಾರೇಜಿನವನು ಚಹಾದ ಜೊತೆ ಬಿಸ್ಕೀಟನ್ನೂ ಇಡತೊಡಗಿದ. ನಾನು ನಾಲ್ಕೂ ಟೈರು ಹೊಸದು ಹಾಕಿಸಿ ಅದೇ ವಾರ ಮಾರಲು ನಿಶ್ಚಯಿಸಿದೆ. ಕೊಳ್ಳಲು ಬಂದವನು ಮೊದಲು ಒದ್ದು ನೋಡುವುದು ಟೈರನ್ನೇ.

ಹೊಸ ಗಾಡಿಯ ಶೋರೂಮಿನವನಿಗೆ ಹಳೆಯದನ್ನು ತೋರಿಸಿದೆ. ಟೈ ಕಟ್ಟಿಕೊಂಡ ಆ ಮನುಷ್ಯ ಹೆಣದ ಸುತ್ತ ತಿರುಗುವ ಪೊಲೀಸನ ಹಾಗೆ ಗಾಡಿಯ ಸುತ್ತ ತಿರುಗಿ, ಪ್ರತಿ ಗೀರಿನ ಫೋಟೋ ತೆಗೆದು, ನಾಚಿಕೆಯಿಲ್ಲದ ಒಂದು ದರ ಹೇಳಿದ. ಮೇಲಿಂದ ವಿಮೆಯನ್ನೂ ತಮ್ಮಲ್ಲೇ ತೆಗೆದುಕೊಳ್ಳಬೇಕು, ಹೊರಗಿನಿಂದ ತಂದರೆ ರಿಪೇರಿಗೆ ಬಂದಾಗ ತೊಂದರೆ ಎಂದು ಹೆದರಿಸಿದ. ಅಂಥವನ ಮಾತು ನಂಬಬೇಡಿ. ವಿಮೆಯನ್ನು ಹೊರಗೇ ನೋಡಿ, ನಾಲ್ಕು ಕಡೆ ದರ ಕೇಳಿ. ಒಂದು ಕಡೆ ಮಾತ್ರ ಜಿಪುಣತನ ಬೇಡ: ಕಂತು ಕಡಿಮೆಯಾಗಲಿ ಎಂದು ಗಾಡಿಯ ಬೆಲೆಯನ್ನು ತಗ್ಗಿಸಿ ಬರೆಸಬೇಡಿ. ಗಾಡಿ ಕಳುವಾದ ದಿನ ಆ ತಗ್ಗಿಸಿದ ಬೆಲೆಯೇ ನಿಮ್ಮ ಕೈಗೆ ಬರುವುದು.

ನಾನು ಮಾರುತ್ತೇನೆಂಬ ಸುದ್ದಿ ಹೆಂಡತಿಯಿಂದ ಅವಳ ತಂಗಿಗೆ, ತಂಗಿಯಿಂದ ಷಡ್ಡಕನಿಗೆ ಹೋಯಿತು. ಆತ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾನೆ. ತಿಂಗಳ ಸಂಬಳದವನು ಎಂಬ ಗತ್ತು. ಮದುವೆಯಾದಾಗಿನಿಂದ ನನ್ನನ್ನು ಮೊಳೆ ಸಾಹೇಬರು ಎಂದೇ ಕರೆಯುತ್ತಾನೆ; ನನ್ನ ಮಾವನ ಮನೆಯಲ್ಲಿ ಅದಕ್ಕೆ ಎಲ್ಲರೂ ನಗುತ್ತಾರೆ. ಒಂದು ರವಿವಾರ ಬಂದು ನಮ್ಮ ಸೋಫಾದ ಮೇಲೆ ಕೂತ.

"ಏನ್ರಿ ಮೊಳಿ ಸಾಹೇಬ್ರ, ಗಾಡಿ ಮಾರಾಕ ಹತ್ತೀರಂತ. ಮನಿ ಮಂದಿ ಇರೂಮುಂದ ಹೊರಗಿನವ್ರಿಗೆ ಯಾಕ ಕೊಡ್ತೀರಿ?"

"ಹೊರಗಿನವ್ರು ರೊಕ್ಕಾ ಕೊಡ್ತಾರ."

"ನಾವೇನ ಎಲಿ ಕೊಡ್ತೇವೇನ್ರಿ?"

ಆತ ಶೋರೂಮಿನವನ ದರವನ್ನೇ ಹೇಳಿದ. ನಾನು ನಲವತ್ತು ಸಾವಿರ ಹೆಚ್ಚು ಹೇಳಿದೆ. ಎರಡು ಸಲ ಚಹಾ ಆಯಿತು, ಒಮ್ಮೆ ಆತ ಎದ್ದು ಚಪ್ಪಲಿಯನ್ನೂ ಮೆಟ್ಟಿದ. ನಾನು ಕರೆಯಲಿಲ್ಲ, ಆತನೇ ಮತ್ತೆ ಬಂದು ಕೂತ. ಕೊನೆಗೆ ಬೆಲೆ ಎಲ್ಲೋ ನಡುವೆ ಬಂದು ನಿಂತಿತು. ಇನ್ನೂ ಎಂಟು ಸಾವಿರ ಎಳೆಯಬಹುದು ಎಂದು ನನಗೆ ಅನಿಸಿತು. ಆಗ ವಿಮೆಯನ್ನು ಹೊರತೆಗೆದೆ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ವರ್ಷದಿಂದ ವರ್ಷಕ್ಕೆ ಒಮ್ಮೆಯೂ ಪರಿಹಾರ ಕೇಳದವನಿಗೆ ಗಾಡಿಯ ಹಾನಿಯ ಕಂತಿನಲ್ಲಿ ರಿಯಾಯಿತಿ ಕೊಡುತ್ತಾರೆ. ಅದು ಏರುತ್ತಾ ಹೋಗಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ನನ್ನದು ಅರ್ಧಕ್ಕೆ ಬಂದಿತ್ತು. ಅದನ್ನು ಉಳಿಸಿಕೊಳ್ಳಲು ಎಷ್ಟೋ ಗೀರು, ಎರಡು ಬಂಪರು ನನ್ನ ಜೇಬಿನಿಂದಲೇ ಸರಿ ಮಾಡಿಸಿದ್ದೆ. ಈ ರಿಯಾಯಿತಿ ಗಾಡಿಯದಲ್ಲ, ಮನುಷ್ಯನದು. ಗಾಡಿ ಮಾರಿದವನು ಅದನ್ನು ತನ್ನ ಮುಂದಿನ ಗಾಡಿಗೆ ಒಯ್ಯುತ್ತಾನೆ. ಕೊಂಡವನಿಗೆ ಅದರಲ್ಲಿ ಪಾಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

"ಹೋದ ತಿಂಗಳನ ಇನ್ಶುರನ್ಸ್ ತುಂಬೇನಿ. ನನ್ನ ಹೆಸರಿಲೆ ಅರ್ಧಾ ಮಾಫಿ ಅದ. ಹೆಸರ ಬದ್ಲಿ ಮಾಡ್ಸಿದ್ರಿ ಅಂದ್ರ ಆ ಮಾಫಿ ಹೋಗ್ತದ, ಮ್ಯಾಲ ರೊಕ್ಕಾ ತುಂಬಬೇಕು. ಅದಕ್ಕ ಒಂದ ವರ್ಷ ನನ್ನ ಹೆಸರಿಲೇನ ಹಂಗ ಓಡಸ್ರಿ. ಅದರ ಸಲುವಾಗಿ ಎಂಟ ಸಾವಿರ ಹೆಚ್ಚ ಕೊಡ್ರಿ. ನಿಮಗ ಲಾಭನ."

ಲೆಕ್ಕ ಬರೆಯುವವನು ತಾನೇ, ಆತನ ಕಣ್ಣು ಸಣ್ಣದಾಯಿತು. "ಅಕಸ್ಮಾತ್ ಏನಾರ ಆದ್ರ?"

"ಏನ ಆಗ್ತದ? ಆದ್ರ ನಾ ಇಲ್ಲೇನು?"

ಆತ ಒಪ್ಪಿದ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಹೆಂಡತಿಗೆ ಆ ಮಾತು ಕೇಳಿಸಿತ್ತೆಂದು ನನಗೆ ಆಗ ಗೊತ್ತಾಗಲಿಲ್ಲ.

ದಸರೆಯ ದಿನ ನಮ್ಮ ಸೊಸಾಯಿಟಿಯ ಪಾರ್ಕಿಂಗಿನಲ್ಲಿ ಹಳೆಯ ಗಾಡಿ, ಹೊಸ ಗಾಡಿ ಎರಡನ್ನೂ ನಿಲ್ಲಿಸಿ ಚೆಂಡುಹೂವಿನ ಹಾರ ಹಾಕಿ, ಎಂಟು ಚಕ್ರಗಳಡಿ ಎಂಟು ನಿಂಬೆಹಣ್ಣು ಇಟ್ಟೆವು. ಷಡ್ಡಕ ಹಳೆಯದನ್ನು ಓಡಿಸಿಕೊಂಡು ಹೋದ. ಹೊಸ ಗಾಡಿಯ ವಿಮೆಯನ್ನು ನಾನು ಅದಕ್ಕೆ ಎರಡು ದಿನ ಮೊದಲೇ ಕಂಪ್ಯೂಟರಿನಲ್ಲಿ ತೆಗೆದುಕೊಂಡಿದ್ದೆ. ಹಳೆಯ ಗಾಡಿ ಮಾರಿದ್ದೀರಾ, ಅದರ ರಿಯಾಯಿತಿಯನ್ನು ಈ ಗಾಡಿಗೆ ತರುತ್ತೀರಾ ಎಂಬ ಪ್ರಶ್ನೆ ಬಂದಿತ್ತು. ಹೌದು ಎಂದು ಒತ್ತಿದೆ. ಕಂತು ಕಣ್ಣೆದುರೇ ಇಳಿಯಿತು.

ಹಳೆಯ ಗಾಡಿ ಅದೇ ರಿಯಾಯಿತಿಯ ಮೇಲೆ ತಳೇಗಾಂವದಲ್ಲಿ ಓಡುತ್ತಲೇ ಇತ್ತು. ಒಂದೇ ವಸ್ತುವನ್ನು ಷಡ್ಡಕನಿಗೂ ಮಾರಿದ್ದೆ, ನನಗೂ ಇಟ್ಟುಕೊಂಡಿದ್ದೆ. ಇದು ತಪ್ಪು ಎಂದು ಅನಿಸಲಿಲ್ಲ. ಅನಿಸಿತು ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಬುದ್ಧಿವಂತಿಕೆ ಎಂದೇ ಅನಿಸಿತು. ಅಂಗಡಿಯಲ್ಲಿ ಒಬ್ಬಿಬ್ಬರಿಗೆ ಹೇಳಿಕೊಟ್ಟೆ ಕೂಡ.

ಜೂನ್ ತಿಂಗಳ ಮೊದಲ ಮಳೆಯಲ್ಲಿ ಷಡ್ಡಕ ಹೆಂಡತಿಯನ್ನು ಕೂರಿಸಿಕೊಂಡು ಪುಣೆಯಿಂದ ತಳೇಗಾಂವಕ್ಕೆ ಹೋಗುವಾಗ ಮುಂದಿನ ಟ್ರಕ್ಕು ಗಕ್ಕನೆ ನಿಂತಿತು. ಈತ ತಿರುಗಿಸಿದ, ಗಾಡಿ ಜಾರಿ ಡಿವೈಡರಿಗೆ ಬಡಿದು ಮಗ್ಗುಲಾಯಿತು. ಆತನಿಗೆ ಏನೂ ಆಗಲಿಲ್ಲ. ನಾದಿನಿಯ ಎಡಗೈ ಮಣಿಕಟ್ಟು ಮುರಿಯಿತು. ಗಾಡಿಯನ್ನು ಕ್ರೇನಿನಲ್ಲಿ ಎತ್ತಿ ತಳೇಗಾಂವದ ಒಂದು ಗ್ಯಾರೇಜಿಗೆ ಒಯ್ದರು. ಮರುದಿನ ಆತನ ಫೋನು.

"ಗಾಡಿ ನಿಮ್ಮ ಹೆಸರಿಲೆ ಅದ, ಪಾಲಿಸಿನೂ ನಿಮ್ಮ ಹೆಸರಿಲೆ ಅದ. ಗಾಡಿ ನಿಮ್ದ, ನನಗ ಒಂದ ದಿನದ ಮಟ್ಟಿಗೆ ಓಡಸಾಕ ಕೊಟ್ಟಿದ್ರಿ ಅಂತ ಬರಿಯೋಣ. ಸಹಿ ಒಂದ ಮಾಡ್ರಿ. ಬುಧವಾರ ಇನ್ಶುರನ್ಸಿನ ಸರ್ವೇಯರ್ ಬರ್ತಾನ."

ಸಹಿ ಮಾಡಿದರೆ ಗಾಡಿ ನನ್ನದು, ಮಾರಿಲ್ಲ ಎಂದ ಹಾಗೆ. ಮಾರಿದ್ದೇನೆ ಎಂದು ಹೊಸ ಗಾಡಿಯ ಕಂಪನಿಗೆ ಹೇಳಿ ರಿಯಾಯಿತಿ ತೆಗೆದುಕೊಂಡಿದ್ದೆ. ಒಂದು ಕಂಪನಿ ಇನ್ನೊಂದನ್ನು ಕೇಳಿದರೆ ಹೊಸ ಗಾಡಿಗೆ ವಿಮೆ ಇದ್ದೂ ಇಲ್ಲದ ಹಾಗೆ. ಸುಳ್ಳು ಬರೆದುಕೊಟ್ಟವನು ಎಂದು ಕೇಸೂ ಹಾಕಬಹುದು. ಸಹಿ ಮಾಡದಿದ್ದರೆ ಷಡ್ಡಕನಿಗೆ ಒಂದು ಕಾಸೂ ಬರುವುದಿಲ್ಲ. ಗಾಡಿಗೆ ಆತ ಸಂಬಳದಲ್ಲಿ ಉಳಿಸಿದ್ದನ್ನೆಲ್ಲ ಹಾಕಿದ್ದ.

ನೋಡೋಣ ಎಂದು ಫೋನಿಟ್ಟೆ. ಹೆಂಡತಿ ಎದುರಿಗೇ ನಿಂತಿದ್ದಳು.

"ನೋಡೂದೇನ ಅದರಾಗ? ಏನಾರ ಆದ್ರ ನಾ ಇಲ್ಲೇನು ಅಂದಾವ್ರು ಯಾರು?"

"ಅದು ವ್ಯಾಪಾರದ ಮಾತು."

"ಕೈ ಮುರಕೊಂಡಾಕಿ ನನ್ನ ತಂಗಿ. ಆಕಿಗೆ ಹೋಗಿ ಹೇಳ್ರಿ, ಅದು ವ್ಯಾಪಾರದ ಮಾತಾಗಿತ್ತು ಅಂತ."

ಅದೇ ರಿಯಾಯಿತಿಯನ್ನು ಹೊಸ ಗಾಡಿಗೂ ತೆಗೆದುಕೊಂಡ ಆ ಎರಡನೆಯ ಮಾರಾಟದ ವಿಷಯ ಅವಳಿಗೆ ಹೇಳಲಿಲ್ಲ. ಸಹಿ ಮಾಡಿಬಿಡುವುದು, ಮುಂದೆ ಬಂದದ್ದು ಬರಲಿ ಎಂದುಕೊಂಡು ಬುಧವಾರ ತಳೇಗಾಂವಕ್ಕೆ ಹೋದೆ. ಇಲ್ಲಿ ಇನ್ನೊಂದು ಮೂರ್ಖತನ ಮಾಡಿದೆ: ಹೊಸ ಗಾಡಿಯಲ್ಲೇ ಹೋದೆ. ಗ್ಯಾರೇಜಿನ ಬಾಗಿಲಲ್ಲೇ ನಿಲ್ಲಿಸಿದೆ.

ನನ್ನ ಹಳೆಯ ಗಾಡಿಯ ಬಲಮಗ್ಗುಲು ಒಳಗೆ ಕುಸಿದಿತ್ತು. ಟೈರು ಮಾತ್ರ ಇನ್ನೂ ಹೊಸದಾಗಿಯೇ ಇದ್ದವು. ಸರ್ವೇಯರ್ ಐವತ್ತು ದಾಟಿದ ಮನುಷ್ಯ, ಕೊರಳಿಗೆ ದಾರದಲ್ಲಿ ಚಾಳೀಸು. ಆತ ಯಾರ ಮೇಲೂ ಸಿಟ್ಟಿಲ್ಲದವನ ಹಾಗೆ ನಿಧಾನವಾಗಿ ಫೋಟೋ ತೆಗೆಯುತ್ತಿದ್ದ. ಒಡೆದ ಮುಂಗಾಜಿನ ಮೇಲೆ ಷಡ್ಡಕನ ಕಾರ್ಖಾನೆಯ ಪಾರ್ಕಿಂಗ್ ಚೀಟಿ ಅಂಟಿಸಿತ್ತು. ಅದರಲ್ಲಿ ಆತನ ಹೆಸರಿತ್ತು, ಗಾಡಿಯ ನಂಬರಿತ್ತು. ಸರ್ವೇಯರ್ ಅದರ ಫೋಟೋವನ್ನು ಎರಡು ಸಲ ತೆಗೆದ.

ಷಡ್ಡಕ ತುಂಬಿಟ್ಟ ಫಾರ್ಮನ್ನು ನನ್ನ ಮುಂದೆ ಹಿಡಿದ. ನಾನು ಪೆನ್ನು ತೆಗೆದೆ. ಸರ್ವೇಯರ್ ಚಾಳೀಸು ಒರೆಸಿಕೊಳ್ಳುತ್ತ, ಗಾಡಿ ನಿಮ್ಮದೇ ಏನು ಎಂದು ಮರಾಠಿಯಲ್ಲಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ, ಹಾಗಾದರೆ ಬಾಗಿಲಲ್ಲಿ ನಿಂತ ಆ ಬಿಳಿಯ ಗಾಡಿ ಯಾರದು ಎಂದ. ಅದೂ ನನ್ನದೇ ಎಂದೆ. ಯಾವಾಗ ತೆಗೆದುಕೊಂಡಿರಿ, ಅದರ ವಿಮೆ ಯಾರಲ್ಲಿದೆ ಎಂದು, ಊಟ ಆಯಿತೇ ಎಂದು ಕೇಳುವವನ ಹಾಗೆ ಕೇಳಿದ.

ಮೂವತ್ತು ವರ್ಷ ಗಲ್ಲೆಯ ಮೇಲೆ ಕೂತವನು ನಾನು. ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳುವ ಗಿರಾಕಿ ಯಾರು ಎಂಬುದು ನನಗೆ ತಿಳಿಯುತ್ತದೆ. ಪೆನ್ನನ್ನು ಜೇಬಿಗೆ ಹಾಕಿದೆ.

"ಈ ಗಾಡಿ ನಂದಲ್ಲ. ದಸರಾಕ್ಕ ಇವ್ರಿಗೆ ಮಾರೇನಿ. ಹೆಸರ ಬದ್ಲಿ ಮಾಡ್ಸಿಲ್ಲ." ಷಡ್ಡಕನ ಮುಖಕ್ಕೇ ಹೇಳಿದ ಹಾಗಾಗಲಿ ಎಂದು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಮರಾಠಿಯಲ್ಲಿ ಹೇಳಿದೆ.

ಹೇಳಿದ್ದು ಒಳ್ಳೆಯದಾಯಿತು ಎಂದು ಸರ್ವೇಯರ್ ತನ್ನ ಚೀಲದ ಜಿಪ್ಪು ಎಳೆದ. ಗಾಡಿ ಹಾಳಾದರೆ ಮಾರಿದವನಿಗೆ ನಷ್ಟವಿಲ್ಲ, ಕೊಂಡವನ ಹೆಸರಿನಲ್ಲಿ ಪಾಲಿಸಿಯಿಲ್ಲ, ಕೊಡುವುದು ಯಾರಿಗೆ ಎಂದು ಹೇಳಿ ಸ್ಕೂಟರ್ ಹತ್ತಿದ.

ನಾನು ಸತ್ಯಸಂಧ ಎಂದು ಯಾರೂ ತಿಳಿಯಬೇಡಿ. ಸುಳ್ಳಿನ ಬೆಲೆ ಹೆಚ್ಚಾಗಿತ್ತು, ಅಷ್ಟೇ. ಸರ್ವೇಯರ್ ಹೊಸ ಗಾಡಿಯ ವಿಮೆ ಕೇಳಿದಾಗಲೇ ಲೆಕ್ಕ ಬರೆಯುವ ಷಡ್ಡಕನಿಗೂ ಅದು ಗೊತ್ತಾಯಿತು.

"ನಿಮ್ಮ ಹೊಸಾ ಗಾಡಿ ಉಳಿಸ್ಕೊಂಡ್ರಿ."

"ನೀವೂ ಸಿಕ್ಕೊಳ್ತಿದ್ರಿ. ಸುಳ್ಳ ಫಾರ್ಮ್ ತುಂಬಿದಾವ್ರು ನೀವ."

"ತುಂಬಾಕ ಕಲಿಸಿದಾವ್ರು ಯಾರು? ಇಷ್ಟ ವರ್ಷ ಮೊಳಿ ಸಾಹೇಬ್ರು ಅಂತ ಚ್ಯಾಷ್ಟಿ ಮಾಡ್ತಿದ್ದೆ. ಮೊಳಿ ಎಲ್ಲಿ ಬಡೀತೀರಿ ಅಂತ ಇವತ್ತ ತಿಳೀತು. ನಡೀರಿ, ಮಳಿ ಬರಾಕ ಹತ್ತೇದ. ಹೊಸಾ ಗಾಡಿ ತೊಯ್ದೀತು."

ಆ ದಿನ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ, ಎರಡನೆಯ ಮಾರಾಟವನ್ನೂ. ಅವಳು ಕೇಳಿದ್ದು ಒಂದೇ: "ಆ ಎಂಟ ಸಾವಿರ ನಮಗ ಯಾತಕ್ಕ ಬೇಕಾಗಿತ್ರಿ?" ನಿಜವಾಗಿಯೂ ಏನಕ್ಕೂ ಬೇಕಾಗಿರಲಿಲ್ಲ.

ಮರುದಿನ ಹೊಸ ಗಾಡಿಯ ವಿಮೆ ಕಂಪನಿಗೆ ಫೋನು ಮಾಡಿ, ರಿಯಾಯಿತಿ ತಪ್ಪಾಗಿ ತೆಗೆದುಕೊಂಡಿದ್ದೇನೆ, ತೆಗೆದುಹಾಕಿ ಎಂದೆ. ಉಳಿದ ಕಂತು ತುಂಬಿಸಿಕೊಂಡರು. ನೀವೂ ಹೀಗೇನಾದರೂ ಮಾಡಿದ್ದರೆ ಅವರು ಕಂಡುಹಿಡಿಯುವ ಮೊದಲು ನೀವೇ ಹೇಳಿ. ಗಾಡಿ ಮಾರಿದರೆ ಹೆಸರು ಬದಲಿಯ ಕಾಗದಕ್ಕೆ ಅದೇ ವಾರ ಸಹಿ ಮಾಡಿಸಿ, ಆರ್‌ಟಿಓ ಕಚೇರಿಗೆ ನೀವೇ ಹೋಗಿ ನಿಂತುಕೊಳ್ಳಿ. ಕೊಂಡವನು ನಾಳೆ ಮಾಡಿಸುತ್ತೇನೆ ಎಂದರೆ ಕೀಲಿಯನ್ನೂ ನಾಳೆಯೇ ಕೊಡಿ.

ಹಳೆಯ ಗಾಡಿ ರಿಪೇರಿಗೆ ಬರುವಂತಿರಲಿಲ್ಲ. ಗುಜರಿಗೆ ಹಾಕಲು ಮತ್ತೆ ನನ್ನ ಸಹಿಯೇ ಬೇಕಾಯಿತು. ಕಾಗದದಲ್ಲಿ ಕೊನೆಯವರೆಗೂ ಅದರ ಮಾಲೀಕ ನಾನೇ. ಗುಜರಿಯವನು ಹಣವನ್ನೂ ಮಾಲೀಕನ ಖಾತೆಗೇ ಹಾಕುತ್ತಾನೆ. ಹಾಗೆ ಬಂದದ್ದಷ್ಟನ್ನೂ ಷಡ್ಡಕನಿಗೆ ಕಳಿಸಿದೆ, ಅದರ ಜೊತೆ ಎಂಟು ಸಾವಿರ ಸೇರಿಸಿ. ಕೈಯಲ್ಲಿದ್ದ ಚಹಾ ಮುಗಿಯುವುದರೊಳಗೆ ಎಂಟು ಸಾವಿರ ತಿರುಗಿ ಬಂತು. ಮತ್ತೆ ಕಳಿಸಿದೆ. ಮತ್ತೆ ಬಂತು.

ದಸರೆಗೆ ನಾದಿನಿ ಒಬ್ಬಳೇ ಮೇಲೆ ಬಂದಳು. ಕೈ ಕೂಡಿತ್ತು, ಆದರೆ ದಸರೆಗೆ ಬಂಗಾರವೆಂದು ಹಂಚುವ ಬನ್ನಿ ಎಲೆಯನ್ನು ಬಲಗೈಯಲ್ಲೇ ಕೊಟ್ಟು ಎಡಗೈಯನ್ನು ಸೆರಗಿನಲ್ಲಿ ಇಟ್ಟುಕೊಂಡಳು.

"ಬಂಗಾರ ತಗೋರಿ ಮಾಮಾ."

"ಅವ್ರೆಲ್ಲಿ?"

"ಕೆಳಗ ರಿಕ್ಷಾದಾಗ ಕುಂತಾರ. ಮೀಟರ್ ಓಡಾಕ ಹತ್ತೇದ, ನಾ ಬರ್ತೇನಿ."

ಎಂಟು ಸಾವಿರವನ್ನು ಲಕೋಟೆಯಲ್ಲಿ ಹಾಕಿ ಇಟ್ಟಿದ್ದೆ. ನೀವಾದರೂ ತೆಗೆದುಕೊಳ್ಳಿ ಎಂದು ಅವಳ ಮುಂದೆ ಹಿಡಿದೆ. ಇನ್ನೊಂದು ಗಾಡಿ ನೋಡುವಾಗ ನನ್ನನ್ನು ಕೇಳಲಿ, ಒಳ್ಳೆಯ ದರಕ್ಕೆ ಕೊಡಿಸುತ್ತೇನೆ, ವಿಮೆಯನ್ನೂ ನೋಡಿಕೊಡುತ್ತೇನೆ ಎಂದೂ ಹೇಳಿದೆ.

ಅವಳು ಲಕೋಟೆಯನ್ನು ಮುಟ್ಟಲಿಲ್ಲ. "ಆದ್ರ ನಾ ಇಲ್ಲೇನು ಅಂತೀರೇನ ಮತ್ತ?" ಎಂದಳು. ಅಕ್ಕನ ಕೈಗೂ ಬನ್ನಿ ಕೊಟ್ಟು ಮೆಟ್ಟಿಲಿಳಿದು ಹೋದಳು.

ಕಿಟಕಿಯಿಂದ ನೋಡಿದೆ. ರಿಕ್ಷಾ ನನ್ನ ಬಿಳಿಯ ಗಾಡಿಗೆ ಅಡ್ಡವಾಗಿ ನಿಂತಿತ್ತು. ಷಡ್ಡಕನ ಮೊಣಕಾಲು, ಅದರ ಮೇಲಿಟ್ಟ ಒಂದು ಕೈ ಕಾಣಿಸುತ್ತಿತ್ತು. ಆಕೆ ಹತ್ತಿ ಕೂತಳು. ಆತ ತಲೆ ಹೊರಗೆ ಹಾಕಲಿಲ್ಲ.