ಉದ್ದಿನ ಹಿಟ್ಟಿನ ಕಟ್ಟು

ದೊಡ್ಡಪ್ಪನ ಬಲ ರಟ್ಟೆ ಎಡ ರಟ್ಟೆಗಿಂತ ದಪ್ಪಗಿತ್ತು. ತೋಳಿಲ್ಲದ ಬನಿಯನ್ ತೊಟ್ಟು ಜಗಲಿಯ ಮೇಲೆ ಕೂತು, ಬಂದವರೆದುರು ಮೊಣಕೈ ಮಡಿಸಿ ಆ ಮಾಂಸದ ಗುಡ್ಡೆಯನ್ನು ಕುಣಿಸುತ್ತಿದ್ದ. "ನೋಡ್ರಪ್ಪ, ಇಲಿ ಹೆಂಗೆ ಓಡಾಡ್ತೈತೆ!" ಮುರಿದ ಕೈ ಹಿಡಿದುಕೊಂಡು ಬಂದವರೂ ನೋವು ನುಂಗಿಕೊಂಡು ನಗಬೇಕಿತ್ತು. ನಗದಿದ್ದವರ ಸರದಿ ಹಿಂದಕ್ಕೆ ಹೋಗುತ್ತಿತ್ತು.

ಕಣಕಟ್ಟೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ದೊಡ್ಡಪ್ಪನಿಗೆ ವ್ಯಾಪಾರ ಒಗ್ಗಲಿಲ್ಲ, ಮೂಳೆ ಕಟ್ಟುವವನಾದ. ಯಾರ ಬಳಿ ಕಲಿತೆ ಎಂದು ಕೇಳಿದರೆ ಪ್ರತಿ ಸಲ ಬೇರೆ ಊರಿನ ಗುರುವನ್ನು ಹೇಳುತ್ತಿದ್ದ. ಬೇರೆ ಕಡೆ ಮೂಳೆ ಕಟ್ಟುವವರು ಮೊಟ್ಟೆಯ ಲೋಳೆ ಹಚ್ಚುತ್ತಾರೆ. ಮೊಟ್ಟೆ ಮುಟ್ಟದ ನಮ್ಮ ಜನಕ್ಕೆ ಅದು ಆಗದು. ದೊಡ್ಡಪ್ಪ ಉದ್ದಿನ ಹಿಟ್ಟು ಕಲಸಿ ಬಟ್ಟೆಗೆ ಬಳಿದು ಸುತ್ತಿ, ಮೇಲೆ ಬಿದಿರಿನ ದಬ್ಬೆ ಇಟ್ಟು ದಾರದಲ್ಲಿ ಬಿಗಿಯುತ್ತಿದ್ದ. ಗೆಂಡೆಹಳ್ಳಿ, ಬೇಲೂರಿನಿಂದಲೂ ಲಿಂಗ ಕಟ್ಟಿದವರು ಬಸ್ಸು ಹತ್ತಿ ಬರುತ್ತಿದ್ದುದು ಈ ಒಂದು ಶುದ್ಧಿಗಾಗಿ. ಆ ಹಿಟ್ಟು ಒಣಗುತ್ತ ಒಣಗುತ್ತ ಹಿಡಿದುಕೊಳ್ಳುತ್ತದೆ, ಒಳಗೆ ಕೈ ಊದುತ್ತಿರುತ್ತದೆ ಎಂಬುದು ಮಾತ್ರ ಈ ಮಹಾನುಭಾವನ ತಲೆಗೆ ಹೋಗಿಲ್ಲವೆಂದೇ ನಾನು ತಿಳಿದಿದ್ದೆ.

ಅವನ ಜ್ಞಾನವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮೊಣಕೈಯಲ್ಲಿ ಒಂದೇ ಮೂಳೆ ಬಾಗುತ್ತದೆ ಎಂದು ನಂಬಿದ್ದ. ತೋಳಿನದೊಂದು, ಮುಂಗೈಯವೆರಡು, ಹೀಗೆ ಮೂರು ಮೂಳೆಗಳು ಅಲ್ಲಿ ಸೇರುತ್ತವೆ. ಮೊಣಕೈ ಗೋಡೆಗೆ ತಗುಲಿ ಕಿರುಬೆರಳಿನವರೆಗೆ ಜುಮ್ಮೆಂದರೆ "ವಾಯು ಕಣ, ಏನಿಲ್ಲ" ಎನ್ನುತ್ತಿದ್ದ. ಅಲ್ಲಿ ಚರ್ಮದಡಿಯಲ್ಲೇ ಒಂದು ನರ ಹಾಯ್ದಿದೆ ಎಂದು ನಾನೊಮ್ಮೆ ಹೇಳಿದ್ದಕ್ಕೆ, "ನೀನು ಓದೀಯ, ನಾನು ಕಟ್ಟೀನಿ" ಎಂದ. ಜಗಲಿಯಲ್ಲಿ ಕೂತಿದ್ದವರೆಲ್ಲ ತಲೆದೂಗಿದರು.

ಒಂಬತ್ತು ವರ್ಷದವಳಿದ್ದಾಗ ನಾನು ಕೊಬ್ಬರಿ ಅಟ್ಟದ ಏಣಿಯಿಂದ ಬಿದ್ದಿದ್ದೆ. ಬಲ ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿಯಿತು. ಮನೆಯಲ್ಲೇ ಪಂಡಿತ ಇರುವಾಗ ಆಸ್ಪತ್ರೆಯ ಮಾತೆತ್ತುವವರು ಯಾರು? ಕಟ್ಟಿದ. ಮಾರನೆಯ ಬೆಳಿಗ್ಗೆ ಬೆರಳುಗಳು ತಣ್ಣಗಾಗಿದ್ದವು, ಉಗುರುಗಳು ನೇರಳೆ. ನಾನು ಚೀರುತ್ತಿದ್ದೆ.

"ಭಾವ, ಮಗೀನ ಬೆರಳು ಒಂದ್ಸಲ ನೋಡ್ರಿ," ಎಂದಳು ಅವ್ವ.

ನೋಡಿದ. ಉಗುರು ಒತ್ತಿಯೂ ನೋಡಿದ. ಆಮೇಲೆ ಕೂತಿದ್ದ ಜನರ ಕಡೆ ತಿರುಗಿ, "ನೋವು ಬಂದ್ರೇನೇ ಮೂಳೆ ಕೂಡೋದು ಕಣವ್ವ, ಸುಮ್ಕಿರು," ಎಂದ.

ಅವ್ವ ವಾದ ಮಾಡಲಿಲ್ಲ. ನನ್ನನ್ನು ಅಡುಗೆಮನೆಗೆ ಎತ್ತಿಕೊಂಡು ಹೋಗಿ, ದಬ್ಬೆಯ ದಾರವನ್ನು ಈಳಿಗೆಮಣೆಗೆ ಕೊಟ್ಟು ಕತ್ತರಿಸಿದಳು. ಕಲ್ಲಾಗಿದ್ದ ಹಿಟ್ಟಿಗೆ ನೀರು ಹೊಯ್ದು ಬಿಚ್ಚಿ, ಅರಸೀಕೆರೆಯ ಬಸ್ಸು ಹತ್ತಿದಳು. ಕೈ ಉಳಿಯಿತು. ನಡುಬೆರಳು, ಉಂಗುರದ ಬೆರಳು ಮಾತ್ರ ಮಡಿಚಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ. ಕಟ್ಟು ಬಿಚ್ಚಿದವಳೇ ಮಗಳ ಕೈ ಕೆಡಿಸಿದಳು ಎಂದು ದೊಡ್ಡಪ್ಪ ಊರಿಗೆಲ್ಲ ಹೇಳಿದ. ಊರು ನಂಬಿತು. ಅವ್ವ ಆ ಮಾತು ಹೊತ್ತುಕೊಂಡೇ ತೀರಿಕೊಂಡಳು.

ಈಗ ನಾನು ಅರಸೀಕೆರೆಯಲ್ಲಿ ನರ್ಸಿಂಗ್ ಹುಡುಗಿಯರಿಗೆ ಅಂಗರಚನೆ ಪಾಠ ಮಾಡುತ್ತೇನೆ. ಮೊಣಕೈಯ ಪಾಠದ ದಿನ ಮೊದಲು ಕೈ ಮಡಿಚುವ ಕಡೆ ಬಡಿಯುವ ನಾಡಿ ಹುಡುಕಿಸುತ್ತೇನೆ. ಆ ರಕ್ತನಾಳ ಮೂಳೆಯ ಮಗ್ಗುಲಲ್ಲೇ ಇಳಿಯುತ್ತದೆ, ಮೇಲಿಂದ ಬಿಗಿದರೆ ಮುಂಗೈ ಬತ್ತುತ್ತದೆ ಎಂದು ಹೇಳಿ ನನ್ನ ಬೆರಳು ತೋರಿಸುತ್ತೇನೆ. ಆ ಪಾಠವನ್ನು ಯಾರೂ ಮರೆಯುವುದಿಲ್ಲ. ದೊಡ್ಡಪ್ಪನಿಂದ ನನಗಾದ ಉಪಕಾರ ಇದೊಂದೇ.

ಹೋದ ವರ್ಷ ಅವನು ಬಚ್ಚಲಲ್ಲಿ ಜಾರಿ ಅದೇ ಬಲ ರಟ್ಟೆಯ ಮೂಳೆ ಮುರಿದುಕೊಂಡ. "ಉದ್ದಿನ ಹಿಟ್ಟು ಬ್ಯಾಡ್ರಲಾ, ಆಸ್ಪತ್ರೆಗೆ ಕರ್ಕೊಂಡೋಗ್ರಿ" ಎಂದು ಕೂಗಿದನಂತೆ! ನಾನು ನೋಡಲು ಹೋದಾಗ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು.

"ಬಿಗಿಯಾಗೈತೆ ಕಣವ್ವ, ಸಡ್ಲ ಮಾಡ್ಸು."

"ನೋವು ಬಂದ್ರೇನೇ ಮೂಳೆ ಕೂಡೋದು ದೊಡ್ಡಪ್ಪ," ಎಂದೆ. ಹೇಳಿ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಆದರೂ ಅಭ್ಯಾಸಬಲದಿಂದ ಅವನ ಉಗುರು ಒತ್ತಿದೆ. ಬಿಳಿಚಿಕೊಂಡಿದ್ದು ಬಿಟ್ಟ ಕೂಡಲೇ ಕೆಂಪಾಯಿತು. ರಕ್ತ ಚೆನ್ನಾಗಿಯೇ ಓಡುತ್ತಿತ್ತು.

ದೊಡ್ಡಪ್ಪ ನನ್ನ ಮಡಿಚಿದ ಬೆರಳುಗಳನ್ನೇ ನೋಡುತ್ತಿದ್ದ. "ಅವತ್ತು ನಿನ್ನ ಉಗುರು ಕೆಂಪಾಗ್ಲಿಲ್ಲ ಕಣವ್ವ. ನಂಗೆ ಗೊತ್ತಾಯ್ತು. ಜಗಲಿ ತುಂಬ ಜನ ಇದ್ರು, ಹೆಂಗೆ ಬಿಚ್ಲಿ?"

ಇಷ್ಟು ವರ್ಷ ಅವನನ್ನು ದಡ್ಡನೆಂದು ತಾತ್ಸಾರ ಮಾಡಿದ್ದೆ. ದಡ್ಡನಾಗಿದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಅವ್ವ ಇದ್ದಾಗ ಹೇಳ್ಬೇಕಿತ್ತು," ಎಂದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಮೂಳೆ ಕೂಡುವ ಮೊದಲೇ ಎದೆನೋವು ಬಂದು ಹೋದ. ಗುಂಡಿಯ ಸುತ್ತ ನಿಂತ ಊರಿನವರು ಎಂಥಾ ಕೈಗುಣ, ಎಂಥಾ ಕೈಗುಣ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಮಣ್ಣು ಹಾಕಲು ನನ್ನ ಸರದಿ ಬಂದಾಗ ಬಲಗೈ ಎತ್ತಿ ಎಲ್ಲರಿಗೂ ತೋರಿಸಿದೆ.

"ಇದನ್ನ ಕೆಡ್ಸಿದ್ದು ದೊಡ್ಡಪ್ಪ. ಅವನೇ ಒಪ್ಕೊಂಡು ಹೋಗವ್ನೆ. ಇಷ್ಟಾದ್ರೂ ಉಳ್ಸಿದ್ದು ನಮ್ಮವ್ವ."

ಅದೇ ಕೈಯಲ್ಲಿ ಹಿಡಿಯುವಷ್ಟು ಮಣ್ಣು ಹಿಡಿದು ಹಾಕಿ ಬಂದೆ.