ಮರುಭೂಮಿಗೆ ಅನುಸೂಯಮ್ಮ ಇಟ್ಟ ಪರೀಕ್ಷೆ

ಕಡಲಾಚೆಯ ಇರ್ವಿಂಗ್ ಊರಿನ ಮೋಹನರಾಜರಿಗೆ ರಿಟೈರ್ ಆದ ಮೇಲೆ ಶಾಂತಿಯ ಹುಚ್ಚು ಹಿಡಿಯಿತು. ಆಫೀಸಿಗೆ ಹೋಗುತ್ತಿದ್ದಾಗ ಮೀಟಿಂಗ್ ಇಲ್ಲದ ದಿನ ಊಟ ಸೇರದ ಮನುಷ್ಯ. ಈಗ ಶನಿವಾರ ಬಂತೆಂದರೆ ದೇವಸ್ಥಾನದಲ್ಲಿ ಸಿಕ್ಕವರನ್ನೆಲ್ಲ ಮನೆಗೆ ಕರೆತಂದು, ಸೋಫಾದ ಮೇಲೆ ಸಾಲಾಗಿ ಕೂರಿಸಿ, ಏಕಾಂತದ ಮಹಿಮೆಯನ್ನು ಊಟದ ಹೊತ್ತು ಮೀರುವವರೆಗೂ ಹೇಳುತ್ತಿದ್ದರು. ಕೇಳುವವರಿಗೆ ಕಾಫಿ, ಉಪ್ಪಿಟ್ಟು, ಮತ್ತೆ ಕಾಫಿ ಮಾಡುವುದು ಹೆಂಡತಿ ಅನುಸೂಯಮ್ಮನ ಪಾಲಿನ ಅಧ್ಯಾತ್ಮ.

ಕೊನೆಗೆ ಏಕಾಂತಕ್ಕೊಂದು ವಿಳಾಸವೂ ಸಿಕ್ಕಿತು. ಮಿಡ್‌ಲ್ಯಾಂಡ್ ಪಟ್ಟಣ ದಾಟಿ ಇನ್ನೂ ಬಹುದೂರ ಡ್ರೈವ್ ಮಾಡಿದರೆ ಸಿಗುವ ಪಾಲೊಸೆಕೊ ಎಂಬ ಮರುಭೂಮಿಯ ಪುಟ್ಟ ಊರು. ಮನೆ ಮಾರಿ ಅಲ್ಲಿಗೆ ಶಿಫ್ಟ್ ಆಗುವುದೆಂದು ಮೋಹನರಾಜರು ಸೋಫಾದವರ ಎದುರು ಸಾರಿದರು. ಅನುಸೂಯಮ್ಮನಿಗೂ ಸುದ್ದಿ ತಿಳಿದದ್ದು ಆಗಲೇ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ.

ಅವರಿಗೆ ಹೋಗಲು ಕಿಂಚಿತ್ತೂ ಮನಸ್ಸಿರಲಿಲ್ಲ. ಹಿತ್ತಲಲ್ಲಿ ಕರಿಬೇವು ಈಗಷ್ಟೇ ಕೈಗೆ ಬಂದಿತ್ತು. ಎರಡು ಮನೆಯಾಚೆ ಧಾರವಾಡದ ದಾಕ್ಷಾಯಣಿ ಇದ್ದಳು. ಅವಳು ಸುದ್ದಿ ಕೇಳಿ ನಕ್ಕಳು. "ಅಕ್ಕಾರ, ಅಲ್ಲೆ ಹಾವು ಬಿಟ್ರ ಯಾರದಾರ್ರಿ? ಸಾಹೇಬ್ರು ಅದರ ಮುಂದ ಭಾಷಣ ಸುರು ಮಾಡಿದ್ರ, ಪಾಪ, ಎದ್ದು ಓಡಾಕ ಅದಕ್ಕ ಕಾಲೂ ಇಲ್ರಿ."

ಗಂಡನ ಜೊತೆ ವಾದ ಮಾಡಿ ಉಪಯೋಗವಿರಲಿಲ್ಲ. ಅನುಸೂಯಮ್ಮ ಬೇರೆ ದಾರಿ ಹಿಡಿದರು. ಇರ್ವಿಂಗ್‌ನಲ್ಲಿ ಮನೆಯ ಹಿಂದೆ ಬರೀ ಮರದ ನೆರಳು. ಮುಂದಿನ ಹುಲ್ಲಿನ ಮೇಲೆ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಕ್ಕೆ ಬಡಾವಣೆಯ ಸಂಘದವರು ನೋಟಿಸ್ ಕಳಿಸಿದ್ದರು. ಅಂದಿನಿಂದ ಮನೆಯಲ್ಲಿ ಸಂಡಿಗೆ ಇರಲಿಲ್ಲ. ಹಾಗಾಗಿ ಷರತ್ತು ಇದು: ಮೊದಲು ಹೋಗಿ ನಾಲ್ಕು ದಿನ ಇರುವುದು, ಅಲ್ಲಿ ಸಬ್ಬಕ್ಕಿ ಸಂಡಿಗೆ ಇಡುವುದು, ಎರಡು ಬಿಸಿಲಿಗೆ ಒಣಗಿದರೆ ಶಿಫ್ಟ್, ಇಲ್ಲದಿದ್ದರೆ ಆ ಊರಿನ ಮಾತೇ ಎತ್ತಬಾರದು. ಮರುಭೂಮಿಯಲ್ಲಿ ಒಣಗದೆ ಇನ್ನೇನಾಗುತ್ತದೆ ಎಂದು ಮೋಹನರಾಜರು ತಕ್ಷಣ ಒಪ್ಪಿದರು.

ಅನುಸೂಯಮ್ಮ ಮೋಸ ಮಾಡಿದರು. ತೆಳ್ಳಗೆ ಕಾಯಿಸಬೇಕಾದ ಗಂಜಿಯನ್ನು ಮುದ್ದೆಯ ಹದಕ್ಕೆ ತಂದರು. ರೂಪಾಯಿಯಗಲ ತೆಳುವಾಗಿ ಇಡಬೇಕಾದ್ದನ್ನು ವಡೆಯಷ್ಟು ದಪ್ಪಕ್ಕೆ ತಟ್ಟಿ, ಪಾಲೊಸೆಕೊದ ಬಾಡಿಗೆ ಮನೆಯ ಅಂಗಳದಲ್ಲಿ ಹರಡಿ, ಕೋಲು ಹಿಡಿದು ಜಗಲಿಯಲ್ಲಿ ಕೂತರು. ಇವು ಐದು ಬಿಸಿಲಿಗೂ ಜಗ್ಗುವುದಿಲ್ಲ ಎಂಬ ಧೈರ್ಯ.

ಕಾಗೆ ಬರಲಿಲ್ಲ. ಅಳಿಲು ಬರಲಿಲ್ಲ. ಮುಖ್ಯವಾಗಿ, ಮನುಷ್ಯರು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅನುಸೂಯಮ್ಮನಿಗೆ ಏನೋ ಮರೆತಂತೆ ಅನ್ನಿಸಿತು. ಒಲೆಯ ಮೇಲೇನಾದರೂ ಬಿಟ್ಟೆನೇ ಎಂದು ಒಳಗೆ ಹೋಗಿ ನೋಡಿ ಬಂದರು. ಏನೂ ಇರಲಿಲ್ಲ. ಯಾರೂ ಏನನ್ನೂ ಕೇಳಿರಲಿಲ್ಲ, ಅಷ್ಟೆ. ಮತ್ತೆ ಕೂತು, ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿದರು.

ಮೋಹನರಾಜರು ಅಂದು ಸಂಜೆಯವರೆಗೆ ಶಾಂತಿಯನ್ನು ತಡೆದುಕೊಂಡರು. ಮರುದಿನ ಪೋಸ್ಟ್ ಆಫೀಸಿಗೆ ಹೋಗಿ ಕೌಂಟರಿನ ಹೆಂಗಸಿಗೆ ಏಕಾಂತದ ಬಗ್ಗೆ ಹೇಳತೊಡಗಿದರಂತೆ. ಆಕೆ ಊಟದ ಹೊತ್ತಾಯಿತೆಂದು ಕಿಟಕಿ ಎಳೆದುಕೊಂಡಳಂತೆ. ವಾಪಸು ಬಂದವರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಂಡಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಮಧ್ಯೆ ಇನ್ನೂ ಹಸಿ ಇದೆ ಅಲ್ವೇನೇ?" ದನಿಯಲ್ಲಿ ಆಸೆ ತುಂಬಿತ್ತು.

ಹೌದು ಎಂದಿದ್ದರೆ ಸಾಕಿತ್ತು. ನಾಳೆಯೇ ಇರ್ವಿಂಗ್, ನಾಡಿದ್ದೇ ಶನಿವಾರ. ಅನುಸೂಯಮ್ಮ ಒಂದು ಸಂಡಿಗೆ ಎತ್ತಿಕೊಂಡು ಮುರಿದರು. ಟಕ್ಕೆಂದಿತು.

"ಒಣಗಿದೆ ರೀ. ಶಿಫ್ಟ್ ಆಗೋಣ."

"ಇಲ್ಲಿಗೆ ಯಾರೂ ಬರಲ್ವಲ್ಲೇ."

"ಅದಕ್ಕೇ ರೀ."

ಮಾತು ಕೊಟ್ಟವರು ಮೋಹನರಾಜರೇ ಆದ್ದರಿಂದ ಇರ್ವಿಂಗ್‌ನ ಮನೆ ಮಾರಿ ಪಾಲೊಸೆಕೊಗೆ ಶಿಫ್ಟ್ ಆದರು. ಕರಿಬೇವಿನ ಗಿಡ ಕುಂಡದಲ್ಲಿ ಕೂತು ಕಾರಿನ ಹಿಂದಿನ ಸೀಟಿನಲ್ಲಿ ಬಂತು. ದಾಕ್ಷಾಯಣಿ ಸಿಟ್ಟಾಗಿ ಫೋನ್ ಎತ್ತದೆ ಇದ್ದು, ಆಮೇಲೆ ತಾನೇ ಬಂದು ವಾರಗಟ್ಟಲೆ ಉಳಿದು ಹೋದಳು. ಮೋಹನರಾಜರು ಈಗ ಆಗಾಗ ಇರ್ವಿಂಗ್‌ಗೆ ಹೋಗಿ, ಯಾರದಾದರೂ ಸೋಫಾದಲ್ಲಿ ಕೂತು, ಮರುಭೂಮಿಯ ಮೌನದ ಬಗ್ಗೆ ಮಾತಾಡಿ ಗಂಟಲು ಕಟ್ಟಿಸಿಕೊಂಡು ಬರುತ್ತಾರೆ. ಆ ದಿನಗಳಲ್ಲಿ ಅನುಸೂಯಮ್ಮ ಒಲೆಯನ್ನೇ ಹಚ್ಚುವುದಿಲ್ಲ. ಬ್ರೆಡ್ಡು, ಬಾಳೆಹಣ್ಣು ತಿಂದು, ಬೆಳಗಾದ ಮೇಲೂ ಮಲಗಿರುತ್ತಾರೆ.